ಶೆಲ್ಲು ಯಾರದ್ದು?

ನಮ್ಮ ಕಡೆ ಹಳ್ಳಿಗಳಲ್ಲಿ ‘ಬ್ಯಾಟ್ರಿ’ ಅಂದರೆ ಟಾರ್ಚು. ಅದರ ಹೊಟ್ಟೆಯೊಳಗೆ ಕೂರುವುದು ‘ಶೆಲ್ಲು’. ಬ್ಯಾಟ್ರಿ ಮನೇಲಿ ಹತ್ತು ಹದಿನೈದು ವರ್ಷ ಇರುತ್ತೆ, ಶೆಲ್ಲು ಮಾತ್ರ ಎರಡು ಮೂರು ತಿಂಗಳಿಗೊಮ್ಮೆ ಬದಲಾಗುತ್ತೆ. ಶೆಲ್ಲು ವೀಕಾಯ್ತು ಅಂತ ಬ್ಯಾಟ್ರಿಯನ್ನೇ ತಿಪ್ಪೆಗೆ ಎಸೆದವರನ್ನು ನಾನಂತೂ ನೋಡಿಲ್ಲ. ಪೇಟೆಯವರು ಈ ಪದಬಳಕೆ ಕೇಳಿ ನಗಬಹುದು. ಆದರೆ ಬಾಳುವ ವಸ್ತುವಿಗೆ ಒಂದು ಹೆಸರು, ತೀರುವ ವಸ್ತುವಿಗೆ ಇನ್ನೊಂದು ಹೆಸರು ಇಟ್ಟುಕೊಂಡಿದ್ದ ನಮ್ಮೂರಿನವರಿಗೆ ಗೊತ್ತಿದ್ದ ಒಂದು ವಿಷಯವನ್ನು ಹಾಡು ಕೇಳಿಸುವ ಯಂತ್ರ ಮಾಡುವ ಕಂಪನಿಗಳು ನಮಗೆಲ್ಲ ಮರೆಸಿಬಿಟ್ಟಿವೆ.

ಜೇಬಿನಲ್ಲಿ ಇಟ್ಟುಕೊಂಡು ಹಾಡು ಕೇಳುವ ಯಂತ್ರಗಳ ಚರಿತ್ರೆಯನ್ನು ಎಲ್ಲರೂ ಕ್ಯಾಸೆಟ್, ಸಿಡಿ, ಎಂಪಿಥ್ರೀ, ಸ್ಟ್ರೀಮಿಂಗ್ ಅಂತ ಬರೀತಾರೆ. ಅದೇ ಚರಿತ್ರೆಯನ್ನು ಶೆಲ್ಲಿನ ಕಡೆಯಿಂದ ಓದಿದರೆ ಬೇರೆಯದೇ ಕಥೆ ಕಾಣುತ್ತೆ.

1979ರ ಜುಲೈ 1ರಂದು ಜಪಾನಿನಲ್ಲಿ ಸೋನಿ ಕಂಪನಿಯ ಮೊದಲ ವಾಕ್‌ಮನ್ ಮಾರಾಟಕ್ಕೆ ಬಂತು. ಅದಕ್ಕೆ ಬೇಕಿದ್ದದ್ದು ಎರಡು ಡಬಲ್ ಎ ಶೆಲ್ಲು, ಅಂದರೆ ನಮ್ಮಲ್ಲಿ ‘ಪೆನ್ಸಿಲ್ ಸೆಲ್’ ಅಂತ ಕೇಳಿ ತಗೊಳ್ಳುವಂಥದ್ದು. ಟೋಕಿಯೋದಲ್ಲಿ ಕೊಂಡ ವಾಕ್‌ಮನ್‌ಗೆ ತುಮಕೂರಿನ ಬಸ್‌ಸ್ಟ್ಯಾಂಡಿನ ಪೆಟ್ಟಿಗೆ ಅಂಗಡಿಯ ಶೆಲ್ಲು ಹಾಕಿದರೂ ಹಾಡುತ್ತೆ. ಯಾರು ಮಾಡಿದರೂ ಅಳತೆ ಒಂದೇ, ಪ್ಲಸ್ ಎಲ್ಲಿ ಮೈನಸ್ ಎಲ್ಲಿ ಅನ್ನೋದೂ ಒಂದೇ. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳಬೇಕಂದರೆ ಇದೊಂದು ಸ್ಟ್ಯಾಂಡರ್ಡ್ ಇಂಟರ್‌ಫೇಸ್. ಒಳಗಿರುವುದು ಸತುವಿನದ್ದೋ, ಆಲ್ಕಲೈನೋ, ರೀಚಾರ್ಜ್ ಆಗುವ ನಿಕ್ಕಲ್ಲಿನದ್ದೋ, ಯಂತ್ರ ಕೇಳಲ್ಲ.

ವಾಕ್‌ಮನ್ ತೆಳ್ಳಗಾಗುತ್ತಾ ಹೋದ ಹಾಗೆ ಸೋನಿ ಅದಕ್ಕಂತಲೇ ಚೂಯಿಂಗ್ ಗಮ್ ಪಟ್ಟಿಯ ಆಕಾರದ ರೀಚಾರ್ಜಬಲ್ ಶೆಲ್ಲು ತಂತು. ಸ್ಟ್ಯಾಂಡರ್ಡ್ ಬಿಟ್ಟ ಮೊದಲ ಹೆಜ್ಜೆ ಅದು. ಆದರೂ ಆ ಮಾಡೆಲ್ಲುಗಳಲ್ಲಿ ಹಲವದರ ಜೊತೆ ಪಕ್ಕಕ್ಕೆ ಸಿಕ್ಕಿಸುವ ಸಣ್ಣ ಡಬ್ಬಿಯೊಂದನ್ನೂ ಕೊಡ್ತಿದ್ರು. ಅದಕ್ಕೆ ಮಾಮೂಲಿ ಡಬಲ್ ಎ ಹಾಕಬಹುದಿತ್ತು. ಹಳೇ ದಾರಿ ಮುಚ್ಚಿರಲಿಲ್ಲ.

ದಾರಿ ಮುಚ್ಚಿದ್ದು 2001ರ ಅಕ್ಟೋಬರಿನಲ್ಲಿ ಬಂದ ಐಪಾಡ್. ಲಿಥಿಯಂ ಶೆಲ್ಲನ್ನು ಒಳಗಿಟ್ಟು, ಮುಚ್ಚಳ ತೆರೆಯಲು ಒಂದು ಸ್ಕ್ರೂ ಕೂಡ ಹೊರಗೆ ಕಾಣದಂತೆ ಮಾಡಿದ್ದರು. 399 ಡಾಲರ್ ಬೆಲೆ. 2003ರಲ್ಲಿ ನ್ಯೂಯಾರ್ಕಿನ ನೈಸ್ಟಾಟ್ ಸಹೋದರರು ಒಂದು ಸಣ್ಣ ವಿಡಿಯೋ ಮಾಡಿದರು. ಐಪಾಡ್ ಜಾಹೀರಾತಿನ ಪೋಸ್ಟರುಗಳ ಮೇಲೆಲ್ಲ, ಈ ಬ್ಯಾಟರಿ ಬದಲಿಸೋಕಾಗಲ್ಲ, ಬಾಳೋದು ಹದಿನೆಂಟೇ ತಿಂಗಳು ಅನ್ನುವ ಅರ್ಥದ ಸಾಲನ್ನು ಬಣ್ಣದಲ್ಲಿ ಒತ್ತುತ್ತಾ ಹೋಗುವ ವಿಡಿಯೋ. ಹೆಚ್ಚುಕಮ್ಮಿ ಅದೇ ಹೊತ್ತಿಗೆ ಆ್ಯಪಲ್ 99 ಡಾಲರಿಗೆ ಬ್ಯಾಟರಿ ಬದಲಿಸಿಕೊಡುವ ವ್ಯವಸ್ಥೆ ಮಾಡಿತು. ಗ್ರಾಹಕರು ಹೂಡಿದ್ದ ದಾವೆ 2005ರಲ್ಲಿ ರಾಜಿಯಲ್ಲಿ ಮುಗಿದು, ಅರ್ಹರಿಗೆ 50 ಡಾಲರಿನ ವೋಚರ್ ಸಿಕ್ಕಿತು. ಜಗಳ ಮುಗೀತು, ವಿನ್ಯಾಸ ಮಾತ್ರ ಗೆದ್ದಿತು. ಉಳಿದ ಕಂಪನಿಗಳೆಲ್ಲ ಅದೇ ದಾರಿ ಹಿಡಿದವು.

ಬೇರೆ ದಾರಿಯೇ ಇರಲಿಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಕ್ರಿಯೇಟಿವ್ ಕಂಪನಿಯ ಮೂವೋ ಪ್ಲೇಯರ್ ಒಂದು ಸಣ್ಣ ಟ್ರಿಪಲ್ ಎ ಶೆಲ್ಲಿನಲ್ಲಿ ಓಡ್ತಿತ್ತು. ಅದೇ ಕಂಪನಿಯ ಝೆನ್ ಮೈಕ್ರೋದಲ್ಲೂ, ಸ್ಯಾನ್‌ಡಿಸ್ಕಿನ ಸಾನ್ಸಾ ಇ200 ಸರಣಿಯಲ್ಲೂ ಲಿಥಿಯಂ ಬ್ಯಾಟರಿಯೇ ಇತ್ತು, ಆದರೆ ಅದನ್ನು ಮನೆಯಲ್ಲೇ ತೆಗೆದು ಹಾಕಬಹುದಿತ್ತು. ಸಣ್ಣದಾಗಿಯೂ ಮಾಡಬಹುದು, ಬದಲಿಸುವ ಹಾಗೂ ಮಾಡಬಹುದು ಅಂತ ತೋರಿಸಿದ ಯಂತ್ರಗಳು ಇವು.

ಇವತ್ತಿನ ಇಯರ್‌ಬಡ್ ಈ ಕಥೆಯ ಕೊನೆಯ ಅಧ್ಯಾಯ. ಒಂದು ಯಂತ್ರದಲ್ಲಿ ಒಂದಲ್ಲ, ಮೂರು ಶೆಲ್ಲು: ಎಡಗಿವಿಗೊಂದು, ಬಲಗಿವಿಗೊಂದು, ಕೇಸಿಗೊಂದು. ಮೂರರಲ್ಲಿ ಯಾವುದು ಸತ್ತರೂ ಇಡೀ ಸೆಟ್ಟು ಕುಂಟುತ್ತೆ. ಲೆಕ್ಕ ಹಾಕಿ ನೋಡಿ. ಸಾಮಾನ್ಯ ಲಿಥಿಯಂ ಶೆಲ್ಲು 300ರಿಂದ 500 ಪೂರ್ಣ ಸೈಕಲ್ ಆದಮೇಲೆ ಸುಮಾರು 80 ಪರ್ಸೆಂಟಿಗೆ ಇಳಿಯುತ್ತೆ. ಒಂದು ಚಾರ್ಜಿಗೆ ಐದು ಗಂಟೆ ಓಡುವ ಬಡ್‌ನಲ್ಲಿ, ಸಿಲ್ಕ್ ಬೋರ್ಡಿನ ಟ್ರಾಫಿಕ್ಕು, ಆಫೀಸಿನ ಮೀಟಿಂಗು ಎಲ್ಲ ಸೇರಿ ದಿನಕ್ಕೆ ಐದು ಗಂಟೆ ಕೇಳಿದರೆ ದಿನಕ್ಕೊಂದು ಸೈಕಲ್ ಆಯ್ತು. 500 ಸೈಕಲ್ ಅಂದರೆ 500 ದಿನ, ಒಂದೂವರೆ ವರ್ಷಕ್ಕೂ ಕಮ್ಮಿ. ಮೇಲಾಗಿ ಬಳಸದೆ ಇದ್ದಾಗಲೂ ಬಡ್ ಕೇಸಿನಲ್ಲಿ ನೂರಕ್ಕೆ ನೂರು ತುಂಬಿಕೊಂಡೇ ಕೂತಿರುತ್ತೆ. ಲಿಥಿಯಂ ಶೆಲ್ಲಿಗೆ ಹೊಟ್ಟೆ ತುಂಬಿದ ಸ್ಥಿತಿಯಲ್ಲಿ ಸುಮ್ಮನೆ ಕೂರೋದೇ ಒಂದು ಸುಸ್ತು.

ನನ್ನ ಒಂದು ಸೆಟ್ಟಿನ ಬಲಗಿವಿ ಎರಡೇ ವರ್ಷಕ್ಕೆ ಇಪ್ಪತ್ತು ನಿಮಿಷದ ಅತಿಥಿ ಆಯ್ತು. ಸರ್ವಿಸ್ ಸೆಂಟರಿನ ಹುಡುಗ ಬಹಳ ಮರ್ಯಾದೆಯಿಂದಲೇ ಹೇಳಿದ: “ಸರ್, ಇದು ರಿಪೇರಿ ಬರಲ್ಲ. ಹಳೇದು ಕೊಟ್ಬಿಡಿ, ಹೊಸದಕ್ಕೆ ಡಿಸ್ಕೌಂಟ್ ಮಾಡಿಸ್ಕೊಡ್ತೀನಿ.” ಅವನದ್ದೇನೂ ತಪ್ಪಿಲ್ಲ. ಸ್ಪೀಕರ್ ಸರಿಯಾಗಿತ್ತು, ಮೈಕ್ ಸರಿಯಾಗಿತ್ತು, ಬ್ಲೂಟೂತ್ ಸರಿಯಾಗಿತ್ತು. ಯಂತ್ರದ ಆಯಸ್ಸನ್ನು ಅದರೊಳಗಿನ ಅತ್ಯಂತ ಬೇಗ ಸಾಯುವ ಭಾಗಕ್ಕೆ ಹಾರ್ಡ್‌ಕೋಡ್ ಮಾಡಿಟ್ಟಿದ್ದಾರೆ. ನಾವು ಯಾರಾದರೂ ಇಂಥ ಕೋಡ್ ಬರೆದಿದ್ದರೆ ರಿವ್ಯೂನಲ್ಲೇ ವಾಪಸ್ ಕಳಿಸ್ತಿದ್ರು.

ಇನ್ನೊಂದು ಕಡೆ ಚಾರ್ಜಿಂಗ್ ಉಪದೇಶಗಳದ್ದೇ ಒಂದು ಪುರಾಣ. ‘ಮೊದಲ ಸಲ ಎಂಟು ಗಂಟೆ ಚಾರ್ಜ್ ಮಾಡಿ ಸಾರ್’ ಅಂತ ಅಂಗಡಿಯವನು ಹೇಳ್ತಾನೆ. ‘ಪೂರ್ತಿ ಖಾಲಿ ಮಾಡಿಯೇ ಚಾರ್ಜಿಗೆ ಹಾಕು’ ಅಂತ ರೂಮ್‌ಮೇಟ್ ಹೇಳ್ತಾನೆ. ಇವೆರಡೂ ನಿಕ್ಕಲ್ ಕಾಲದ ಪಳೆಯುಳಿಕೆ. ನಿಕ್ಕಲ್-ಕ್ಯಾಡ್ಮಿಯಂ ಶೆಲ್ಲುಗಳಿಗೆ ‘ಮೆಮೊರಿ ಎಫೆಕ್ಟ್’ ಅನ್ನೋದು ಇತ್ತು. ಅರ್ಧಕ್ಕೇ ಮತ್ತೆ ಮತ್ತೆ ಚಾರ್ಜ್ ಮಾಡಿದರೆ ಅಷ್ಟಕ್ಕೇ ಒಗ್ಗಿಕೊಂಡ ಹಾಗೆ ನಡೆದುಕೊಳ್ತಿದ್ದವು. ನಿಧಾನದ ಚಾರ್ಜರಿನಲ್ಲಿ ಅವು ತುಂಬಲು 14ರಿಂದ 16 ಗಂಟೆ ಬೇಕಾಗ್ತಿತ್ತು. ಲಿಥಿಯಂಗೆ ಈ ಎರಡೂ ಅನ್ವಯಿಸಲ್ಲ. ಅದು ಸಾಮಾನ್ಯವಾಗಿ 4.2 ವೋಲ್ಟ್ ಮುಟ್ಟುವವರೆಗೆ ಒಂದೇ ವೇಗದಲ್ಲಿ ಕರೆಂಟ್ ಕುಡಿದು, ಆಮೇಲೆ ನಿಧಾನ ಮಾಡುತ್ತಾ ನಿಂತುಬಿಡುತ್ತೆ. ಎಂಟು ಗಂಟೆ ಹಾಕಿದರೆ ಕೊನೆಯ ಐದಾರು ಗಂಟೆ ತುಂಬಿದ ಕೊಡ ನಲ್ಲಿ ಕೆಳಗೆ ಕೂತಂತೆ, ಅಷ್ಟೆ. ಪೂರ್ತಿ ಖಾಲಿ ಮಾಡೋದಂತೂ ಅದಕ್ಕೆ ಹಿಂಸೆ.

ನಮ್ಮಜ್ಜ ರೇಡಿಯೋದ ಶೆಲ್ಲು ವೀಕಾದಾಗ ಹೆಂಚಿನ ಮೇಲೆ ಬಿಸಿಲಿಗಿಡ್ತಿದ್ದರು. ಅದರಲ್ಲಾದರೂ ಅರ್ಥವಿತ್ತು. ಬಿಸಿಗೆ ಒಳಗಿನ ರಾಸಾಯನಿಕ ಕ್ರಿಯೆ ಚುರುಕಾಗಿ, ಸಂಜೆಯ ವಾರ್ತೆ ಕೇಳುವಷ್ಟು ಜೀವ ಬರ್ತಿತ್ತು. ಅದೇ ಮಾತು ನಂಬಿ ಲಿಥಿಯಂ ಯಂತ್ರವನ್ನು ಬಿಸಿಲಿಗಿಟ್ಟರೆ ಅದರ ಆಯಸ್ಸನ್ನು ಕೈಯಾರೆ ಕಡಿದ ಹಾಗೆ. ಪ್ರತಿ ರಸಾಯನಕ್ಕೂ ಅದರದ್ದೇ ಶಾಸ್ತ್ರ.

ಹಾಗಾದರೆ ಸರಿಯಾದ ಶಾಸ್ತ್ರ ಯಾವುದು? ಮೊದಲು ಲಿಥಿಯಂ. 20ರಿಂದ 80 ಪರ್ಸೆಂಟ್ ನಡುವೆ ಇಟ್ಟುಕೊಂಡರೆ ಒಳ್ಳೇದು, ಮಧ್ಯೆ ಮಧ್ಯೆ ಚಾರ್ಜ್ ಮಾಡಿದರೆ ಏನೂ ಆಗಲ್ಲ. ಕಾಲು ಭಾಗದಂತೆ ನಾಲ್ಕು ಸಲ ಚಾರ್ಜ್ ಮಾಡಿದರೂ ಅದು ಒಂದೇ ಸೈಕಲ್. ದಿಂಬಿನ ಕೆಳಗೆ, ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಬೇಡ. ತಿಂಗಳುಗಟ್ಟಲೆ ಎತ್ತಿಡುವುದಾದರೆ ಅರ್ಧ ಚಾರ್ಜಿನಲ್ಲಿ ತಂಪಾದ ಕಡೆ ಇಡಿ.

ಇನ್ನು ನಿಕ್ಕಲ್-ಮೆಟಲ್ ಹೈಡ್ರೈಡ್, ಅಂದರೆ ಈಗ ಸಿಗುವ ರೀಚಾರ್ಜಬಲ್ ಪೆನ್ಸಿಲ್ ಸೆಲ್. ಹಳೇ ಪ್ಲೇಯರ್, ಪಾಕೆಟ್ ರೇಡಿಯೋ ಇಟ್ಟುಕೊಂಡವರಿಗೆ ಇದು. ಇಲ್ಲಿ ಮೊದಲ ಮೋಸ ಎಂಎಎಚ್ ಅನ್ನುವ ಅಂಕಿಯದ್ದು. ಡಬಲ್ ಎ ಅಳತೆಯಲ್ಲಿ ನಿಜವಾಗಿ ತುಂಬಿಸೋಕೆ ಆಗೋದು ಹೆಚ್ಚೆಂದರೆ 2500ರಿಂದ 2800. ಮೇಲೆ 4000 ಅಂತ ಪ್ರಿಂಟ್ ಹಾಕಿದ್ದರೆ ಅದು ಬರೀ ಪ್ರಿಂಟು. ಎರಡನೆಯದು, ದೊಡ್ಡ ಅಂಕಿ ಅಂದ ಮಾತ್ರಕ್ಕೆ ಹಾಡಿಗೆ ಒಳ್ಳೇದಲ್ಲ. ಮಾಮೂಲಿ ಹೈಡ್ರೈಡ್ ಶೆಲ್ಲು ಸುಮ್ಮನೆ ಇಟ್ಟರೂ ತಿಂಗಳಿಗೆ 20ರಿಂದ 30 ಪರ್ಸೆಂಟ್ ಸೋರಿ ಹೋಗುತ್ತೆ. 2005ರ ನವೆಂಬರಿನಲ್ಲಿ ಸ್ಯಾನಿಯೋ ಕಂಪನಿ ಎನೆಲೂಪ್ ಅನ್ನುವ ಶೆಲ್ಲು ತಂದಿತು. ಒಂದು ವರ್ಷ ಇಟ್ಟರೂ 85 ಪರ್ಸೆಂಟ್ ಉಳಿಯುತ್ತೆ ಅಂತ ಅದರ ಘೋಷಣೆ. ಸೋರಿಕೆ ಕಮ್ಮಿ ಇರುವ ಈ ಜಾತಿಯ ಶೆಲ್ಲು ಈಗ ಬೇರೆ ಕಂಪನಿಗಳಲ್ಲೂ ಇದೆ. ಹಾಡಿನ ಯಂತ್ರ ಕ್ಯಾಮೆರಾದ ಫ್ಲ್ಯಾಶಿನಂತೆ ಗುಟುಕು ಗುಟುಕಾಗಿ ನುಂಗಲ್ಲ, ದಿನಾ ಸ್ವಲ್ಪ ಸ್ವಲ್ಪ ಹೀರುತ್ತೆ. ಅಂಥದ್ದಕ್ಕೆ ಸೋರುವ 2700ಕ್ಕಿಂತ ಸೋರದ 2000 ಮೇಲು.

ಚಾರ್ಜರ್ ಕೊಳ್ಳುವಾಗ ಎಸ್.ಪಿ. ರೋಡಿನಲ್ಲಾಗಲಿ ಆನ್‌ಲೈನಿನಲ್ಲಾಗಲಿ ಎರಡೇ ಪ್ರಶ್ನೆ ಕೇಳಿ. ಒಂದೊಂದು ಶೆಲ್ಲನ್ನೂ ಬೇರೆ ಬೇರೆಯಾಗಿ ಚಾರ್ಜ್ ಮಾಡುತ್ತಾ, ಇಲ್ಲ ಜೋಡಿಯಾಗಿಯಾ? ತುಂಬಿದ ತಕ್ಷಣ ವೋಲ್ಟೇಜ್ ನೋಡಿ ತಾನೇ ನಿಲ್ಲುತ್ತಾ, ಇಲ್ಲ ಬರೀ ಟೈಮರಾ? ಜೋಡಿಯಾಗಿ ಚಾರ್ಜ್ ಮಾಡುವಂಥದ್ದರಲ್ಲಿ ಒಂದು ಹೊಸದು ಒಂದು ಹಳೇದು ಹಾಕಿದರೆ ಒಂದಕ್ಕೆ ಅಜೀರ್ಣ, ಇನ್ನೊಂದಕ್ಕೆ ಉಪವಾಸ. ಎರಡು ಶೆಲ್ಲಿನ ಪ್ಲೇಯರಿನಲ್ಲೂ ಅಷ್ಟೇ, ಒಟ್ಟಿಗೆ ಕೊಂಡದ್ದನ್ನು ಒಟ್ಟಿಗೇ ಬಳಸಿ. ಇನ್ನೊಂದು ವಿಷಯ: ಆಲ್ಕಲೈನ್ ಶೆಲ್ಲು 1.5 ವೋಲ್ಟಿನಿಂದ ನಿಧಾನಕ್ಕೆ ಇಳಿಯುತ್ತೆ, ಹೈಡ್ರೈಡ್ ಹೆಚ್ಚು ಹೊತ್ತು 1.2ರ ಆಸುಪಾಸಿನಲ್ಲೇ ನಿಂತು ಕೊನೆಗೆ ದಬಕ್ ಅಂತ ಬೀಳುತ್ತೆ. ಆಲ್ಕಲೈನ್ ಲೆಕ್ಕದಲ್ಲಿ ಮಾಡಿದ ಪ್ಲೇಯರಿನ ಪರದೆ ತುಂಬಿದ ಶೆಲ್ಲನ್ನೂ ಅರ್ಧ ಅಂತ ತೋರಿಸಬಹುದು. ಗಾಬರಿ ಬೇಡ, ಶೆಲ್ಲು ಸರಿಯಾಗೇ ಇದೆ.

ಇಷ್ಟೆಲ್ಲ ಉಪದೇಶ ಮಾಡಿದ ಮೇಲೆ ಒಂದು ಮಾತು. 20-80ರ ವ್ರತ ಹಿಡಿದವರು ನಮ್ಮ ಆಫೀಸಿನಲ್ಲೂ ಇದ್ದಾರೆ. ಆ್ಯಪ್ ಹಾಕ್ಕೊಂಡು, ಅಲಾರಂ ಇಟ್ಕೊಂಡು ಚಾರ್ಜರ್ ಕೀಳ್ತಾರೆ. ಇಷ್ಟು ಮಾಡಿ ಒಂದೂವರೆ ವರ್ಷದ ಆಯಸ್ಸನ್ನು ಎರಡೂವರೆಗೆ ಎಳೆಯಬಹುದು, ಐದಕ್ಕಲ್ಲ. ಯಂತ್ರ ಸತ್ತಾಗ ‘ನಾನೇ ಸರಿಯಾಗಿ ಚಾರ್ಜ್ ಮಾಡಿಲ್ಲವೇನೋ’ ಅಂತ ನಾವೇ ಕೊರಗ್ತೀವಿ. ಶೆಲ್ಲನ್ನು ಅಂಟು ಹಾಕಿ ಕೂರಿಸಿದವನಿಗೆ ಇದಕ್ಕಿಂತ ಅನುಕೂಲ ಇನ್ನೇನು ಬೇಕು? ಅವನ ತೀರ್ಮಾನ ನಮ್ಮ ಶಿಸ್ತಿನ ಪ್ರಶ್ನೆಯಾಗಿ ಬದಲಾಗಿಬಿಡ್ತು. ಊರು ಕೊಳ್ಳೆ ಹೋದಮೇಲೆ ಕೋಟೆ ಬಾಗಿಲು ಹಾಕಿದ ಕಥೆ ಇದು. ಬಾಗಿಲು ಹಾಕುವ ಹೊತ್ತು ಕೊಳ್ಳುವ ದಿನ.

ಮುಚ್ಚಿದ ಲಿಥಿಯಂ ಶೆಲ್ಲಿಗೂ ಒಳ್ಳೆಯ ಗುಣಗಳಿವೆ, ಅದನ್ನು ಒಪ್ಪಬೇಕು. 2000 ಎಂಎಎಚ್‌ನ ಪೆನ್ಸಿಲ್ ಸೆಲ್ಲಿನಲ್ಲಿರೋದು 2.4 ವ್ಯಾಟ್-ಅವರ್ ಶಕ್ತಿ. ಅಷ್ಟೇ ಶಕ್ತಿ 3.7 ವೋಲ್ಟಿನ 650 ಎಂಎಎಚ್ ಲಿಥಿಯಂ ಶೆಲ್ಲಿನಲ್ಲಿ ಎಷ್ಟೋ ಕಮ್ಮಿ ತೂಕಕ್ಕೆ ಸಿಗುತ್ತೆ. ಬೆವರು, ಮಳೆ ತಡೆಯೋಕೆ ಮುಚ್ಚಳ ಭದ್ರವಾಗಿರಬೇಕು ಅನ್ನೋದೂ ನಿಜ. ಆದರೆ ಲಿಥಿಯಂ ಇರಬೇಕು ಅನ್ನೋದು ಒಂದು ಮಾತು, ಅಂಟು ಹಾಕಲೇಬೇಕು ಅನ್ನೋದು ಬೇರೆ ಮಾತು. 2024ರಲ್ಲಿ ಫೇರ್‌ಫೋನ್ ಅನ್ನುವ ಡಚ್ ಕಂಪನಿ ಯುರೋಪಿನಲ್ಲಿ ತಂದ ಇಯರ್‌ಬಡ್‌ನಲ್ಲಿ ಎರಡು ಕಿವಿಯ ಶೆಲ್ಲನ್ನೂ, ಕೇಸಿನ ಶೆಲ್ಲನ್ನೂ ನಾವೇ ಬದಲಿಸಬಹುದು. ‘ಅಷ್ಟು ಚಿಕ್ಕದ್ರಲ್ಲಿ ಆಗಲ್ಲ ಸಾರ್’ ಅನ್ನುವ ವಾದ ಅಲ್ಲಿಗೆ ಬಿದ್ದುಹೋಯಿತು.

ಯುರೋಪಿನ ಒಕ್ಕೂಟ 2023ರಲ್ಲಿ ಮಾಡಿದ ಬ್ಯಾಟರಿ ಕಾನೂನಿನಲ್ಲಿ, 2027ರ ಫೆಬ್ರುವರಿ 18ರಿಂದ ಇಂಥ ಸಣ್ಣ ಯಂತ್ರಗಳ ಬ್ಯಾಟರಿಯನ್ನು ಬಳಕೆದಾರರೇ ತೆಗೆದು ಬದಲಿಸುವಂತಿರಬೇಕು ಅಂತ ಬರೆದಿದ್ದಾರೆ, ಕೆಲವು ವಿನಾಯಿತಿಗಳ ಜೊತೆ. ನಮ್ಮ ದೇಶದ 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ಸತ್ತ ಬ್ಯಾಟರಿಯನ್ನು ವಾಪಸ್ ಪಡೆದು ಸಂಸ್ಕರಿಸುವ ಹೊಣೆಯನ್ನು ತಯಾರಕರ ಮೇಲೆ ಹಾಕುತ್ತವೆ. ಹೆಣ ಎತ್ತುವವರು ಯಾರು ಅನ್ನೋದು ಅಲ್ಲಿಗೆ ತೀರ್ಮಾನ ಆಯ್ತು. ಅಷ್ಟು ಬೇಗ ಯಾಕೆ ಸತ್ತಿತು ಅಂತ ಕೇಳುವ ಕೆಲಸ ಬಾಕಿ ಇದೆ.

ಅಲ್ಲಿಯವರೆಗೆ ನಾನು ಕೊಳ್ಳುವಾಗ ನೋಡುವುದು ಇಷ್ಟು. ಡಬ್ಬದ ಮೇಲೆ ‘40 ಗಂಟೆ’ ಅಂತಿದ್ದರೆ ಅದರಲ್ಲಿ ಕಿವಿಯದ್ದೆಷ್ಟು, ಕೇಸಿನದ್ದೆಷ್ಟು ಅಂತ ಓದ್ತೀನಿ. ಬ್ಯಾಟರಿ ಬದಲಿಸಿಕೊಡ್ತಾರಾ, ಎಷ್ಟು ದುಡ್ಡು ಅಂತ ಬಿಲ್ ಹಾಕಿಸುವ ಮೊದಲೇ ಕೇಳ್ತೀನಿ. ತಲೆಗೆ ಹಾಕುವ ದೊಡ್ಡ ಹೆಡ್‌ಫೋನ್ ಆದರೆ, ಬ್ಯಾಟರಿ ಸತ್ತ ಮೇಲೂ ವೈರ್ ಸಿಕ್ಕಿಸಿದರೆ ಹಾಡುತ್ತಾ ಅಂತ ಅಂಗಡಿಯಲ್ಲೇ ಆಫ್ ಮಾಡಿ ಕೇಳಿ ನೋಡ್ತೀನಿ. ನೀವೂ ಕೇಳಿ. ಹತ್ತು ಜನ ಕೇಳಿದರೆ ಅಂಗಡಿಯವನು ಡಿಸ್ಟ್ರಿಬ್ಯೂಟರನ್ನು ಕೇಳ್ತಾನೆ.