ಒಂಬತ್ತನೇ ನಂಬರ್ ಕಳಚಿದ ಮೇಲೆ

ಋತುವಿನ ನಡುವೆ ಫುಟ್‌ಬಾಲ್ ಕ್ಲಬ್ಬಿಗೆ ಹೊಸ ಮ್ಯಾನೇಜರ್ ಬಂದರೆ ಅಭಿಮಾನಿಯ ಆಸೆಯೆಲ್ಲ ಹೋಗಿ ನಿಲ್ಲುವುದು ಹಳೆಯ ಆಟಗಾರರ ಮೇಲೆಯೇ. ಇದಕ್ಕೆ ಮಮತೆಗಿಂತ ನಿಯಮವೇ ದೊಡ್ಡ ಕಾರಣ. ಇಂಗ್ಲೆಂಡಿನಲ್ಲಿ ಬೇಸಿಗೆಯ ವರ್ಗಾವಣೆ ಅವಧಿ ಮುಗಿದ ಮೇಲೆ ಆಟಗಾರರನ್ನು ಕೊಳ್ಳಲು ಮತ್ತೆ ಅವಕಾಶ ಸಿಗುವುದು ಜನವರಿಯಲ್ಲಿ. ಅಲ್ಲಿಯವರೆಗೆ, ಹಿಂದಿನವನು ಯಾರನ್ನು ಕಟ್ಟಿಕೊಂಡು ಸೋತನೋ ಅವರನ್ನೇ ಕಟ್ಟಿಕೊಂಡು ಬಂದವನು ಗೆಲ್ಲಬೇಕು.

2021ರ ನವೆಂಬರ್ 8ರಂದು ಎಡ್ಡಿ ಹೌ ನ್ಯೂಕ್ಯಾಸಲ್ ಯುನೈಟೆಡ್‌ನ ಹೊಣೆ ಹೊತ್ತಾಗ ಸ್ಥಿತಿ ಹೀಗೇ ಇತ್ತು. ಹನ್ನೊಂದು ಪಂದ್ಯ ಮುಗಿದಿದ್ದವು. ಗೆಲುವು ಒಂದೂ ಇರಲಿಲ್ಲ. ಐದು ಡ್ರಾಗಳಿಂದ ಐದು ಅಂಕ, ಇಪ್ಪತ್ತು ತಂಡಗಳಲ್ಲಿ ಹತ್ತೊಂಬತ್ತನೇ ಸ್ಥಾನ. ತಿಂಗಳ ಹಿಂದಷ್ಟೇ, ಅಕ್ಟೋಬರ್ 7ರಂದು, ಸೌದಿ ಅರೇಬಿಯಾದ ಸಾರ್ವಜನಿಕ ಹೂಡಿಕೆ ನಿಧಿಯ ಮುಂದಾಳತ್ವದ ಗುಂಪು ಮೈಕ್ ಆ್ಯಶ್ಲಿ ಅವರಿಂದ ಕ್ಲಬ್ಬನ್ನು ಕೊಂಡಿತ್ತು. ಅಕ್ಟೋಬರ್ 20ಕ್ಕೆ ಮ್ಯಾನೇಜರ್ ಸ್ಟೀವ್ ಬ್ರೂಸ್ ಹೊರನಡೆದಿದ್ದರು. ಹೊಸ ಮಾಲೀಕರ ಖಜಾನೆ ಎಷ್ಟೇ ತುಂಬಿದ್ದರೂ ವರ್ಷ ಮುಗಿಯುವವರೆಗೆ ಅದರಿಂದ ಥ್ರೋ-ಇನ್ ಎಸೆಯುವವನನ್ನೂ ತರುವಂತಿರಲಿಲ್ಲ.

ಹೊಸಬರು ಬಂದೊಡನೆ ತಂಡ ಚಿಗುರುತ್ತದೆ ಎಂಬ ನಂಬಿಕೆ ಫುಟ್‌ಬಾಲ್‌ನಲ್ಲಿ ಬಹಳ ಹಳೆಯದು. ಡಚ್ ಅರ್ಥಶಾಸ್ತ್ರಜ್ಞ ಬಾಸ್ ಟರ್ ವೀಲ್ 1986ರಿಂದ 2004ರವರೆಗಿನ ನೆದರ್ಲೆಂಡ್ಸ್ ಲೀಗಿನ ಫಲಿತಾಂಶಗಳನ್ನು ಮುಂದಿಟ್ಟುಕೊಂಡು ಈ ನಂಬಿಕೆಯನ್ನು ಪರೀಕ್ಷಿಸಿದರು. ಮ್ಯಾನೇಜರನ್ನು ತೆಗೆದುಹಾಕಿದ ಕ್ಲಬ್ಬುಗಳು ಚೇತರಿಸಿಕೊಂಡಿದ್ದವು, ನಿಜ. ಆದರೆ ಅಷ್ಟೇ ಕೆಟ್ಟ ಸ್ಥಿತಿಗೆ ಬಂದೂ ಮ್ಯಾನೇಜರನ್ನು ಉಳಿಸಿಕೊಂಡ ಕ್ಲಬ್ಬುಗಳೂ ಅಷ್ಟೇ ಚೇತರಿಸಿಕೊಂಡಿದ್ದವು. ತೀರಾ ಕೆಳಗಿಳಿದದ್ದು ತಾನಾಗಿಯೇ ಒಂದಿಷ್ಟು ಮೇಲೇಳುತ್ತದೆ. ಆ ಹೊತ್ತಿಗೆ ಕುರ್ಚಿಯಲ್ಲಿ ಕೂತವನಿಗೆ ಕೀರ್ತಿ ಸಲ್ಲುತ್ತದೆ. ಹೀಗಾಗಿ ಮ್ಯಾನೇಜರನ ಕೈಚಳಕವನ್ನು ಅಳೆಯಲು ಮೊದಲ ನಾಲ್ಕು ಪಂದ್ಯಗಳ ಅಂಕಪಟ್ಟಿಯಷ್ಟು ನಂಬಲಾಗದ ಅಳತೆಗೋಲು ಇನ್ನೊಂದಿಲ್ಲ. ಆಟಗಾರರನ್ನು ಒಬ್ಬೊಬ್ಬರನ್ನಾಗಿ ನೋಡಬೇಕು.

ನ್ಯೂಕ್ಯಾಸಲ್‌ನಲ್ಲಂತೂ ಆ ಮೊದಲ ಚಿಗುರೂ ಕಾಣಲಿಲ್ಲ. ಮೊದಲ ಪಂದ್ಯದ ದಿನ ಹೌ ಅವರಿಗೆ ಕೋವಿಡ್. ಬ್ರೆಂಟ್‌ಫರ್ಡ್ ಎದುರಿನ 3-3 ಡ್ರಾವನ್ನು ಅವರು ಮೈದಾನದ ಬದಿ ನಿಂತು ನೋಡಲಾಗಲಿಲ್ಲ. ಮೊದಲ ಗೆಲುವು ಬಂದದ್ದು ಡಿಸೆಂಬರ್ 4ರಂದು, ಋತುವಿನ ಹದಿನೈದನೇ ಪಂದ್ಯದಲ್ಲಿ, ಬರ್ನ್ಲಿ ಎದುರು 1-0. ಆಮೇಲೆ ಲೆಸ್ಟರ್ ನಾಲ್ಕು, ಲಿವರ್‌ಪೂಲ್ ಮೂರು, ಮ್ಯಾಂಚೆಸ್ಟರ್ ಸಿಟಿ ನಾಲ್ಕು ಗೋಲು ಹೊಡೆದು ಹೋದವು. ಅರ್ಧ ಲೀಗ್ ಮುಗಿದಾಗ ಖಾತೆಯಲ್ಲಿದ್ದದ್ದು ಹತ್ತೊಂಬತ್ತು ಪಂದ್ಯಗಳಿಂದ 11 ಅಂಕ. ಜನವರಿ 8ರಂದು ಎಫ್‌.ಎ. ಕಪ್‌ನಲ್ಲಿ ಮೂರನೇ ಸ್ತರದ ಕೇಂಬ್ರಿಡ್ಜ್ ಯುನೈಟೆಡ್ ತಂಡ ನ್ಯೂಕ್ಯಾಸಲ್‌ನ ಮೈದಾನವಾದ ಸೇಂಟ್ ಜೇಮ್ಸ್ ಪಾರ್ಕ್‌ಗೇ ಬಂದು ಗೆದ್ದುಕೊಂಡು ಹೋಯಿತು.

ಇಷ್ಟಾದರೂ ಆಸೆ ಇಟ್ಟುಕೊಳ್ಳಲು ಒಂದು ಆಧಾರವಿತ್ತು. ಅದು ಹೌ ಅವರ ಪೂರ್ವಚರಿತ್ರೆ. ಬೋರ್ನ್‌ಮತ್ ಕ್ಲಬ್ಬಿನ ಹೊಣೆ ಹೊತ್ತಾಗ ಅವರ ವಯಸ್ಸು 31. 17 ಅಂಕಗಳ ದಂಡದೊಂದಿಗೆ ಋತು ಶುರುಮಾಡಿ ನಾಲ್ಕನೇ ಸ್ತರದಿಂದಲೂ ಬೀಳುವಂತಿದ್ದ ತಂಡ ಅದು. ಅದನ್ನು ಉಳಿಸಿದರು, ನಡುವೆ ಬರ್ನ್ಲಿಗೆ ಹೋಗಿ ಮರಳಿ ಬಂದು, 2015ರಲ್ಲಿ ಪ್ರೀಮಿಯರ್ ಲೀಗ್‌ಗೆ ಏರಿಸಿದರು. ಮೂರನೇ ಸ್ತರದಲ್ಲಿ ಅವರ ಜೊತೆಗಿದ್ದ ಸ್ಟೀವ್ ಕುಕ್, ಸೈಮನ್ ಫ್ರಾನ್ಸಿಸ್, ಚಾರ್ಲಿ ಡೇನಿಯಲ್ಸ್ ಅವರೇ ಮೊದಲ ಸ್ತರದಲ್ಲೂ ರಕ್ಷಣಾ ವಿಭಾಗದಲ್ಲಿ ಆಡಿದರು. ಅಂದರೆ ಇರುವವರನ್ನೇ ತಿದ್ದುವ ಕೆಲಸ ಅವರಿಗೆ ಹೊಸದಾಗಿರಲಿಲ್ಲ. 2020ರಲ್ಲಿ ಅದೇ ಬೋರ್ನ್‌ಮತ್ ಅವರ ಕೈಯಲ್ಲೇ ಕೆಳಗಿಳಿದದ್ದೂ ಅಷ್ಟೇ ನಿಜ. ಆಶಾವಾದಿ ಮೊದಲ ಅರ್ಧವನ್ನು ನೆನೆದ, ನಿರಾಶಾವಾದಿ ಎರಡನೆಯದನ್ನು.

ತಿದ್ದಬೇಕಾದವರ ಪಟ್ಟಿಯಲ್ಲಿ ಮೊದಲ ಹೆಸರು ಬ್ರೆಜಿಲ್‌ನ ಜೋಲಿಂಟನ್. 2019ರ ಜುಲೈನಲ್ಲಿ ಜರ್ಮನಿಯ ಹೋಫೆನ್‌ಹೈಮ್‌ನಿಂದ ಅವರನ್ನು ತರಲು ನ್ಯೂಕ್ಯಾಸಲ್ ಸುಮಾರು 4 ಕೋಟಿ ಪೌಂಡ್ ಕೊಟ್ಟಿತ್ತು. ಆ ಕ್ಲಬ್ಬು ಅಲ್ಲಿಯವರೆಗೆ ಯಾರಿಗೂ ಅಷ್ಟು ಕೊಟ್ಟಿರಲಿಲ್ಲ. ಬೆಲೆಯ ಭಾರ ಸಾಲದೆಂಬಂತೆ ಬೆನ್ನ ಮೇಲೆ 9ನೇ ನಂಬರನ್ನೂ ಹೊರಿಸಲಾಯಿತು. ನ್ಯೂಕ್ಯಾಸಲ್‌ನಲ್ಲಿ ಆ ನಂಬರ್ ಜಾಕಿ ಮಿಲ್ಬರ್ನ್, ಮಾಲ್ಕಮ್ ಮ್ಯಾಕ್‌ಡೊನಾಲ್ಡ್, ಅಲನ್ ಶಿಯರರ್ ಅವರದು. ಮಿಲ್ಬರ್ನ್ ಕ್ಲಬ್ಬಿಗಾಗಿ 200 ಗೋಲು ಹೊಡೆದವರು, ಶಿಯರರ್ 206. ಜೋಲಿಂಟನ್ ಆಗಸ್ಟ್ 25ರಂದು ಟಾಟನ್‌ಹ್ಯಾಮ್ ಎದುರು ಗೆಲುವಿನ ಗೋಲು ಹೊಡೆದರು. ಲೀಗಿನಲ್ಲಿ ಅವರ ಮುಂದಿನ ಗೋಲು ಬಂದದ್ದು 2020ರ ಜೂನ್‌ನಲ್ಲಿ! ನಡುವೆ ಕೋವಿಡ್‌ನಿಂದ ಲೀಗ್ ನಿಂತಿತ್ತೆಂಬುದನ್ನು ಲೆಕ್ಕಕ್ಕೆ ಹಿಡಿದರೂ ಸ್ಟ್ರೈಕರ್‌ಗೆ ಅದು ಸಣ್ಣ ಬರವಲ್ಲ. ಮೊದಲ ಋತುವಿನಲ್ಲಿ ಲೀಗ್ ಗೋಲು ಎರಡು, ಎರಡನೆಯದರಲ್ಲಿ ನಾಲ್ಕು. ದುಡ್ಡು ನೀರುಪಾಲಾಯಿತು ಎಂಬುದಕ್ಕೆ ಇಡೀ ಲೀಗಿನಲ್ಲಿ ಅವರ ಹೆಸರೇ ಉದಾಹರಣೆಯಾಯಿತು.

ಆದರೆ ಅವರು ಸ್ಟ್ರೈಕರ್ ಆಗಿದ್ದರೇ? ಹೋಫೆನ್‌ಹೈಮ್‌ನಲ್ಲಿ ಯೂಲಿಯನ್ ನಾಗೆಲ್ಸ್‌ಮನ್ ಅವರನ್ನು ಗೋಲಿನ ಬಾಯಲ್ಲಿ ಒಂಟಿಯಾಗಿ ನಿಲ್ಲಿಸಿದ್ದು ಕಡಿಮೆ. ಇತರ ಮುಂಪಡೆಯವರ ಜೊತೆಗೆ, ಕೆಲವೊಮ್ಮೆ ಅವರ ಹಿಂದೆ ಆಡುತ್ತ, ಚೆಂಡನ್ನು ಮೈಯಿಂದ ಕಾಯುವುದು, ಎದುರಾಳಿಯ ಮೇಲೆ ಬಿದ್ದು ಕಸಿಯುವುದು, ಜೊತೆಗಾರನಿಗೆ ಜಾಗ ಮಾಡಿಕೊಡುವುದು ಅಲ್ಲಿನ ಕೆಲಸ. ಕೊನೆಯ ಋತುವಿನಲ್ಲಿ ಬುಂಡೆಸ್‌ಲೀಗಾದಲ್ಲಿ ಅವರು ಹೊಡೆದದ್ದು ಏಳೇ ಗೋಲು. ಬ್ರೂಸ್ ಅವರ ನ್ಯೂಕ್ಯಾಸಲ್ ಹಲವು ಪಂದ್ಯಗಳಲ್ಲಿ ಐವರನ್ನು ಹಿಂದೆ ನಿಲ್ಲಿಸಿಕೊಂಡು ತನ್ನ ಗೋಲಿನ ಹತ್ತಿರವೇ ಕಾಲ ಕಳೆಯುತ್ತಿತ್ತು. ಮುಂದೆ ಒಬ್ಬಂಟಿ ಜೋಲಿಂಟನ್. ಚೆಂಡು ಬಂದಾಗ ಬೆನ್ನಿಗೆ ಇಬ್ಬರು ಡಿಫೆಂಡರ್‌ಗಳು, ನೆರವಿಗೆ ಬರಬೇಕಾದವರು ಮೂವತ್ತು ಗಜ ಹಿಂದೆ. ಅಂಥಲ್ಲಿ ವಿಫಲನಾದವನನ್ನು ಅಸಮರ್ಥ ಎನ್ನುವುದಕ್ಕಿಂತ, ಕೊಂಡವರಿಗೆ ತಾವು ಏನನ್ನು ಕೊಂಡೆವೆಂದು ತಿಳಿದಿರಲಿಲ್ಲ ಎನ್ನುವುದು ಹೆಚ್ಚು ನ್ಯಾಯ. 2021ರಲ್ಲಿ 9ನೇ ನಂಬರ್ ಕಾಲಮ್ ವಿಲ್ಸನ್‌ಗೆ ಹೋಗಿ ಜೋಲಿಂಟನ್‌ಗೆ 7 ಬಂತು. ಇಳಿಸಿದ ಹೊರೆಯಲ್ಲಿ ಅದು ಮೊದಲನೆಯದು.

ಎರಡನೆಯದು ಇಳಿದದ್ದು ಅನಿರೀಕ್ಷಿತವಾಗಿ. ನವೆಂಬರ್ 30ರಂದು ನಾರ್ವಿಚ್ ಎದುರು ಪಂದ್ಯ. ಒಂಬತ್ತನೇ ನಿಮಿಷಕ್ಕೇ ಡಿಫೆಂಡರ್ ಕಿಯರನ್ ಕ್ಲಾರ್ಕ್‌ಗೆ ಕೆಂಪು ಕಾರ್ಡ್. ಹತ್ತು ಜನರ ತಂಡವನ್ನು ಮರುಜೋಡಿಸುವಾಗ ಜೋಲಿಂಟನ್ ಮಿಡ್‌ಫೀಲ್ಡ್‌ಗೆ ಇಳಿದರು. ಉಳಿದ ಎಂಬತ್ತು ನಿಮಿಷ ಸೇಂಟ್ ಜೇಮ್ಸ್ ಪಾರ್ಕ್ ಕಂಡದ್ದು ಬೇರೆಯೇ ಮನುಷ್ಯನನ್ನು. ಓಡಿ ಬಂದವರನ್ನು ತಡೆದರು, ಮೈಗೆ ಮೈ ಕೊಟ್ಟು ಚೆಂಡು ಕಸಿದರು, ಕಸಿದದ್ದನ್ನು ತಾವೇ ಹೊತ್ತು ಮುಂದಕ್ಕೆ ಓಡಿದರು. ಪಂದ್ಯ 1-1ರಲ್ಲಿ ಮುಗಿಯಿತು, ಪಾಯಿಂಟ್ ಪಟ್ಟಿಯಲ್ಲಿ ಏನೂ ಬದಲಾಗಲಿಲ್ಲ. ಬದಲಾದದ್ದು ಜೋಲಿಂಟನ್ ನಿಲ್ಲುವ ಜಾಗ.

ಏಕದಿನ ಕ್ರಿಕೆಟ್‌ನಲ್ಲಿ ಆರಂಭಿಕನಾಗಿದ್ದ ಕೆ.ಎಲ್. ರಾಹುಲ್ ಐದನೇ ಕ್ರಮಾಂಕಕ್ಕೆ ಇಳಿದು ನೆಲೆಯೂರಿದ್ದನ್ನು ಕಂಡ ಕನ್ನಡಿಗರಿಗೆ ಇಂಥ ಬದಲಾವಣೆ ಅಚ್ಚರಿಯದಲ್ಲ. ಗೋಲಿಗೆ ಬೆನ್ನು ಮಾಡಿ ನಿಂತು ಆಡುತ್ತಿದ್ದ ಜೋಲಿಂಟನ್‌ಗೆ ಈಗ ಇಡೀ ಮೈದಾನ ಎದುರಿಗಿತ್ತು. ಸ್ಟ್ರೈಕರ್‌ಗೆ ತೀರಾ ಮಂದವೆನಿಸಿದ್ದ ಆ ಕಾಲು ಮಿಡ್‌ಫೀಲ್ಡರ್‌ಗೆ ಧಾರಾಳವಾಗಿ ಸಾಕಾಗಿತ್ತು. ಸ್ಟ್ರೈಕರ್‌ಗೆ ಹೆಚ್ಚು ಬಳಕೆಗೆ ಬಾರದ ಆ ಕಸುವು ಇಲ್ಲಿ ದಿನವೂ ಬೇಕಾಗಿತ್ತು. ಏಪ್ರಿಲ್‌ನಲ್ಲಿ ಅದೇ ನಾರ್ವಿಚ್ ಎದುರು, ಅವರ ಮೈದಾನದಲ್ಲಿ, 3-0 ಗೆಲುವಿನಲ್ಲಿ ಎರಡು ಗೋಲು ಜೋಲಿಂಟನ್ ಅವರವು. ಗೋಲು ಹೊಡೆಯುವ ಕೆಲಸ ತಪ್ಪಿದ ಮೇಲೆ ಗೋಲುಗಳೂ ಬಂದವು! ಋತುವಿನ ಕೊನೆಗೆ ಕ್ಲಬ್ಬಿನ ವರ್ಷದ ಆಟಗಾರ ಅವರೇ. 2023ರ ಜೂನ್‌ನಲ್ಲಿ ಬ್ರೆಜಿಲ್ ಪರ ಮೊದಲ ಪಂದ್ಯ ಆಡಿ, ಗಿನಿ ಎದುರು ಗೋಲನ್ನೂ ಹೊಡೆದರು.

ಪರಾಗ್ವೆಯ ಮಿಗೆಲ್ ಅಲ್ಮಿರಾನ್ ಅವರದು ಬೇರೆ ಬಗೆಯ ಕಥೆ. ಇಲ್ಲಿ ಮುಖ್ಯವಾಗಿ ಬದಲಾದವರು ಸುತ್ತಲಿನವರು. 2019ರ ಜನವರಿಯಲ್ಲಿ ಅಟ್ಲಾಂಟಾದಿಂದ ಬಂದ ಈ ಎಡಗಾಲಿನ ಆಟಗಾರನ ಮೊದಲ ಪ್ರೀಮಿಯರ್ ಲೀಗ್ ಗೋಲಿಗೆ ಆ ವರ್ಷದ ಡಿಸೆಂಬರ್ 21ರವರೆಗೆ ಕಾಯಬೇಕಾಯಿತು. ಓಟಕ್ಕೆ ಕೊರತೆಯಿರಲಿಲ್ಲ, ಓಟದ ಕೊನೆಗೆ ಏನೂ ಇರುತ್ತಿರಲಿಲ್ಲ. 2021-22ರಲ್ಲಿ ಇಡೀ ಲೀಗಿನಲ್ಲಿ ಒಂದೇ ಗೋಲು. 2022ರ ಮೇ ತಿಂಗಳಲ್ಲಿ ಮ್ಯಾಂಚೆಸ್ಟರ್ ಸಿಟಿಯ ವಿಜಯ ಮೆರವಣಿಗೆಯಲ್ಲಿ ಜ್ಯಾಕ್ ಗ್ರೀಲಿಷ್, ಕಳಪೆಯಾಗಿ ಆಡುವುದಕ್ಕೆ ಅಲ್ಮಿರಾನ್ ಹೆಸರನ್ನೇ ಹೋಲಿಕೆಯಾಗಿ ಬಳಸಿ ನಗಿಸಿದ್ದರು. ಮುಂದಿನ ಋತುವಿನಲ್ಲಿ ಅಲ್ಮಿರಾನ್ ಅವರ ಲೀಗ್ ಗೋಲು 11; ಅಕ್ಟೋಬರ್ ತಿಂಗಳ ಪ್ರೀಮಿಯರ್ ಲೀಗ್ ಆಟಗಾರ ಪ್ರಶಸ್ತಿಯೂ ಅವರದೇ.

ಕಾರಣ ಬಲಬದಿಯಲ್ಲಿತ್ತು. ಅವರ ಹಿಂದೆ ಕೀರನ್ ಟ್ರಿಪ್ಪಿಯರ್, ಪಕ್ಕದಲ್ಲಿ ಬ್ರೂನೊ ಗಿಮರೇಸ್; ಇಬ್ಬರೂ 2022ರ ಜನವರಿಯಲ್ಲಿ ಬಂದವರು. ಮೊದಲು ಅಲ್ಮಿರಾನ್‌ಗೆ ಚೆಂಡು ಸಿಗುತ್ತಿದ್ದದ್ದು ಸ್ವಂತ ಅರ್ಧದಲ್ಲಿ. ಗೋಲು ತಲುಪುವಷ್ಟರಲ್ಲಿ ಉಸಿರು ಸೋತಿರುತ್ತಿತ್ತು. ಹೌ ಅವರ ತಂಡ ಎದುರಾಳಿಯ ಅರ್ಧದಲ್ಲೇ ಮೇಲೆ ಬಿದ್ದು ಚೆಂಡು ಕಸಿಯತೊಡಗಿದಾಗ ಅದೇ ಓಟ ಪೆನಾಲ್ಟಿ ಚೌಕದ ಅಂಚಿನಲ್ಲಿ ಶುರುವಾಯಿತು.

ಇನ್ನು ಕೆಲವರ ಪಾಲಿಗೆ ಬದಲಾವಣೆ ಇಷ್ಟು ನಾಟಕೀಯವಲ್ಲ. 2018ರಲ್ಲಿ ಸುಮಾರು 30 ಲಕ್ಷ ಪೌಂಡಿಗೆ ಬಂದ ಸ್ವಿಸ್ ಡಿಫೆಂಡರ್ ಫೇಬಿಯನ್ ಶೇರ್ ಬ್ರೂಸ್ ಕಾಲದಲ್ಲಿ ಒಳಗೊಮ್ಮೆ ಹೊರಗೊಮ್ಮೆ. ಹೌ ಅವರ ನಾಲ್ವರ ರಕ್ಷಣೆಯಲ್ಲಿ ಜಾಗ ಭದ್ರವಾಯಿತು. ಹಿಂದಿನಿಂದಲೇ ಉದ್ದನೆಯ ಪಾಸ್‌ನಿಂದ ದಾಳಿ ಕಟ್ಟುವ ಅವರ ಅಭ್ಯಾಸ ಮೊದಲು ಅಪಾಯವೆನಿಸಿದ್ದು, ಆಮೇಲೆ ಯೋಜನೆಯ ಭಾಗವಾಯಿತು. ಸ್ಥಳೀಯ ಹುಡುಗ ಶಾನ್ ಲಾಂಗ್‌ಸ್ಟಾಫ್ 2023ರ ಲೀಗ್ ಕಪ್ ಸೆಮಿಫೈನಲ್‌ನ ಎರಡನೇ ಪಂದ್ಯದಲ್ಲಿ ಸೌತಾಂಪ್ಟನ್ ಎದುರು ಎರಡು ಗೋಲು ಹೊಡೆದು ತಂಡವನ್ನು ಫೈನಲ್‌ಗೆ ಮುಟ್ಟಿಸಿದರು. ಅದೇ ವರ್ಷ ಅಕ್ಟೋಬರ್ 4ರಂದು ಚಾಂಪಿಯನ್ಸ್ ಲೀಗ್‌ನಲ್ಲಿ ಪ್ಯಾರಿಸ್ ಸೇಂಟ್ ಜರ್ಮೇನ್ ತಂಡವನ್ನು ನ್ಯೂಕ್ಯಾಸಲ್ 4-1ರಿಂದ ಸೋಲಿಸಿತು. ಗೋಲು ಹೊಡೆದ ನಾಲ್ವರಲ್ಲಿ ಅಲ್ಮಿರಾನ್, ಲಾಂಗ್‌ಸ್ಟಾಫ್, ಶೇರ್ ಮೂವರೂ ಆ 19ನೇ ಸ್ಥಾನದ ತಂಡದಲ್ಲಿದ್ದವರು.

ಎಲ್ಲರೂ ಉಳಿಯಲಿಲ್ಲ. 2022ರ ಫೆಬ್ರುವರಿಯಲ್ಲಿ ಲೀಗಿಗೆ ಕೊಡಬೇಕಾದ 25 ಜನರ ಪಟ್ಟಿ ಸಿದ್ಧವಾದಾಗ ಕ್ಲಾರ್ಕ್ ಅದರಲ್ಲಿರಲಿಲ್ಲ. ಐಸಾಕ್ ಹೇಡನ್, ಜಮಾಲ್ ಲೂಯಿಸ್ ಕೂಡ ಹೊರಗುಳಿದರು. ಜಾಂಜೊ ಶೆಲ್ವಿ ಜನವರಿ 22ರಂದು ಲೀಡ್ಸ್ ಮೈದಾನದಲ್ಲಿ ಫ್ರೀ ಕಿಕ್‌ನಿಂದ ಪಂದ್ಯ ಗೆಲ್ಲಿಸಿಕೊಟ್ಟರು. ಮುಂದಿನ ವರ್ಷ ಅದೇ ತಿಂಗಳಿಗೆ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಸೇರಿದ್ದರು. ಚೆಂಡು ಕಾಲಲ್ಲಿದ್ದಾಗ ಮೈದಾನವನ್ನೇ ಎಬ್ಬಿಸಿ ನಿಲ್ಲಿಸುತ್ತಿದ್ದ ಅಲನ್ ಸೇಂಟ್-ಮ್ಯಾಕ್ಸಿಮಿನ್, ಚೆಂಡಿಲ್ಲದಾಗಲೂ ಓಡಬೇಕೆಂಬ ಹೊಸ ಕ್ರಮಕ್ಕೆ ಪೂರ್ತಿ ಒಗ್ಗಲಿಲ್ಲ. 2023ರಲ್ಲಿ ಸೌದಿಯ ಅಲ್ ಅಹ್ಲಿಗೆ ಹೋದರು. ಅಭಿಮಾನಿಗಳ ಅತ್ಯಂತ ಮೆಚ್ಚಿನವನು ಹೊರಗೆ, ಅತ್ಯಂತ ಬೈಸಿಕೊಂಡವನು ಒಳಗೆ: ಹೊಸ ಮ್ಯಾನೇಜರ್ ಬಂದ ದಿನ ಇದನ್ನು ಊಹಿಸಿದವರು ಹೆಚ್ಚಿರಲಾರರು.

ಹಣದ ಪಾತ್ರವನ್ನು ಮರೆಮಾಚಿದರೆ ಈ ಕಥೆ ಸುಳ್ಳಾಗುತ್ತದೆ. 2022ರ ಜನವರಿಯಲ್ಲಿ ಟ್ರಿಪ್ಪಿಯರ್, ಗಿಮರೇಸ್, ಡ್ಯಾನ್ ಬರ್ನ್, ಕ್ರಿಸ್ ವುಡ್ ಅವರನ್ನು ಕ್ಲಬ್ಬು ಕೊಂಡಿತು, ಮ್ಯಾಟ್ ಟಾರ್ಗೆಟ್ ಅವರನ್ನು ಸಾಲವಾಗಿ ತಂದಿತು. ಮೊದಲರ್ಧದಲ್ಲಿ 11 ಅಂಕ ಗಳಿಸಿದ್ದ ತಂಡ ದ್ವಿತೀಯಾರ್ಧದಲ್ಲಿ 38 ಗಳಿಸಿ, ಒಟ್ಟು 49 ಅಂಕಗಳೊಂದಿಗೆ 11ನೇ ಸ್ಥಾನಕ್ಕೆ ಬಂತು. ಮೊದಲ ಹದಿನಾಲ್ಕು ಪಂದ್ಯಗಳಲ್ಲಿ ಗೆಲುವೇ ಕಾಣದ ತಂಡ ಪ್ರೀಮಿಯರ್ ಲೀಗ್‌ನಲ್ಲಿ ಉಳಿದದ್ದು ಅದೇ ಮೊದಲು. ಇದರಲ್ಲಿ ಖರೀದಿಯ ಪಾಲೆಷ್ಟು, ತಿದ್ದುಪಡಿಯ ಪಾಲೆಷ್ಟು ಎಂದು ಬಿಡಿಸಿ ಹೇಳಲಾಗದು. ಜೋಲಿಂಟನ್ ಮಿಡ್‌ಫೀಲ್ಡ್‌ಗೆ ಇಳಿದದ್ದು ಮಾತ್ರ ಹಣದ ಬಾಗಿಲು ತೆರೆಯುವ ಮುನ್ನ.

ಹಾಗಾದರೆ ಹೊಸ ಮ್ಯಾನೇಜರ್ ಬಂದಾಗ ಯಾರ ಮೇಲೆ ಆಸೆ ಇಡಬೇಕು? ಆಟಗಾರನ ಹಿಂದಿನ ಕ್ಲಬ್ಬಿನಲ್ಲಿ ಅವನು ಎಲ್ಲಿ ನಿಲ್ಲುತ್ತಿದ್ದ ಎಂಬುದನ್ನು ಮೊದಲು ನೋಡಬೇಕು. ಸೋಲುತ್ತಿರುವ ಪಂದ್ಯದ ಎಂಬತ್ತನೇ ನಿಮಿಷದಲ್ಲೂ ಹಿಂದಕ್ಕೆ ಓಡುವವನಿಗೆ ಹೆಚ್ಚು ಅಂಕ ಕೊಡಬೇಕು; ಬೈಗುಳದ ವರ್ಷಗಳಲ್ಲಿ ಜೋಲಿಂಟನ್, ಅಲ್ಮಿರಾನ್ ಇಬ್ಬರ ಮೇಲೂ ಸೋಮಾರಿತನದ ದೂರು ಅಷ್ಟಾಗಿ ಇರಲಿಲ್ಲ. ಕೆಲಸ ತಪ್ಪಾಗಿ ಹಂಚಿಕೆಯಾಗಿ ಕೆಟ್ಟವನನ್ನು ಮ್ಯಾನೇಜರ್ ತಿದ್ದಬಲ್ಲ. ಕಾಲಿನ ವೇಗ ಕುಂದಿದವನನ್ನು ಯಾವ ಮ್ಯಾನೇಜರೂ ತಿದ್ದಲಾರ.

ತಾಳ್ಮೆಯೂ ಬೇಕು. ಜೇಕಬ್ ಮರ್ಫಿ 2017ರಲ್ಲಿ ನಾರ್ವಿಚ್‌ನಿಂದ ಬಂದವರು. ವೆಸ್ಟ್ ಬ್ರಾಮ್‌ಗೆ ಒಮ್ಮೆ, ಶೆಫೀಲ್ಡ್ ವೆನ್ಸ್‌ಡೇಗೆ ಒಮ್ಮೆ ಸಾಲವಾಗಿ ಹೋಗಿ ಬಂದರು. ಹೌ ಬಂದ ಮೇಲೂ ಮೂರು ಋತು ಬೆಂಚಿಗೂ ಮೈದಾನಕ್ಕೂ ನಡುವೆ ಓಡಾಡಿದರು. 2024-25ರಲ್ಲಿ, ಮೂವತ್ತು ತುಂಬಿದ ಋತುವಿನಲ್ಲಿ, ಲೀಗಿನಲ್ಲಿ 8 ಗೋಲು ಹೊಡೆದು 12 ಗೋಲುಗಳಿಗೆ ಪಾಸ್ ಕೊಟ್ಟರು. 2025ರ ಮಾರ್ಚ್ 16ರಂದು ವೆಂಬ್ಲಿಯಲ್ಲಿ ಲೀಗ್ ಕಪ್ ಫೈನಲ್. ಲಿವರ್‌ಪೂಲ್ ಎದುರು ಮೊದಲ ಗೋಲು ಬರ್ನ್ ಅವರದು, ಎರಡನೆಯದಕ್ಕೆ ಮರ್ಫಿ ತಲೆಯಿಂದ ಇಳಿಸಿಕೊಟ್ಟ ಚೆಂಡನ್ನು ಅಲೆಕ್ಸಾಂಡರ್ ಐಸಾಕ್ ಬಲೆಗೆ ಸೇರಿಸಿದರು. ನ್ಯೂಕ್ಯಾಸಲ್ 2-1ರಿಂದ ಗೆದ್ದಿತು. 1955ರ ಎಫ್‌.ಎ. ಕಪ್‌ನ ನಂತರ ಅದು ಕ್ಲಬ್ಬಿಗೆ ಬಂದ ಮೊದಲ ದೇಶೀಯ ಪ್ರಮುಖ ಪ್ರಶಸ್ತಿ. ಅಂದು ಆರಂಭದ ಹನ್ನೊಂದರಲ್ಲಿ ಆಡಿದವರ ಪೈಕಿ ಹೌ ಬರುವ ಮೊದಲೇ ಕ್ಲಬ್ಬಿನಲ್ಲಿದ್ದವರು ಮೂವರು: ಶೇರ್, ಮರ್ಫಿ, ಜೋಲಿಂಟನ್.