ಮುಂಗಡಪತ್ರವೂ ಅಂಗನವಾಡಿಯೂ

ಮುಂಗಡಪತ್ರವನ್ನೂ ಒಂದು ಕೃತಿಯೆಂದು ಭಾವಿಸಿ ಅದರ ಗುಣದೋಷಗಳನ್ನು ವಿವೇಚಿಸಬಹುದಾದರೆ, 2015ರ ಫೆಬ್ರವರಿ 28ರಂದು ಅರುಣ್ ಜೇಟ್ಲಿಯವರು ಲೋಕಸಭೆಯಲ್ಲಿ ಮಂಡಿಸಿದ ಪತ್ರದಲ್ಲಿ ಕ್ಷಮಿಸಲಾಗದ ದೋಷವೊಂದುಂಟು: ಕಂಪನಿಗಳ ತೆರಿಗೆಯನ್ನು ನಾಲ್ಕು ವರ್ಷಗಳಲ್ಲಿ ಶೇಕಡಾ 30ರಿಂದ 25ಕ್ಕೆ ಇಳಿಸುವೆವೆಂದು ಅವಧಿಸಹಿತವಾಗಿ ವಾಗ್ದಾನವಿತ್ತ ಆ ಪತ್ರವೇ, ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ಅನುದಾನವನ್ನು ಅರ್ಧಕ್ಕಿಂತಲೂ ಕೆಳಕ್ಕೆ ತಂದಿತು.

ಅದೇ ಪತ್ರ ಸಾರಿದ ಸಂಪತ್ತಿನ ತೆರಿಗೆಯ ರದ್ದತಿಯನ್ನೂ ಇದರೊಡನೆ ಸೇರಿಸಿ ದೂರುವವರುಂಟು. ವರ್ಷಕ್ಕೆ ಸುಮಾರು ಸಾವಿರ ಕೋಟಿಯನ್ನಷ್ಟೇ ತರುತ್ತಿದ್ದ ಆ ತೆರಿಗೆಯ ಸ್ಥಾನದಲ್ಲಿ, ಒಂದು ಕೋಟಿಗೆ ಮೀರಿದ ವರಮಾನದವರ ಮೇಲೆ ಶೇಕಡಾ 2ರ ಹೆಚ್ಚುವರಿ ಮೇಲ್ತೆರಿಗೆ ಹಾಕಿ 9,000 ಕೋಟಿಯನ್ನು ನಿರೀಕ್ಷಿಸಲಾಗಿತ್ತಾದ್ದರಿಂದ ಆ ಆಕ್ಷೇಪಣೆ ನಿಲ್ಲದು. ಆದರೆ ಹದಿನಾಲ್ಕನೆಯ ಹಣಕಾಸು ಆಯೋಗದ ಶಿಫಾರಸಿನಂತೆ ಕೇಂದ್ರದ ತೆರಿಗೆಗಳಲ್ಲಿ ರಾಜ್ಯಗಳ ಪಾಲು ಶೇಕಡಾ 32ರಿಂದ 42ಕ್ಕೆ ಏರಿರುವಾಗ ಶಿಶುಗಳ ಭಾರವನ್ನು ರಾಜ್ಯಗಳೇ ಹೊರಲಿ ಎಂಬ ಸಮರ್ಥನೆಯನ್ನು ನಾನು ಒಪ್ಪಲಾರೆ. ಹಣ ರಾಜ್ಯಗಳಿಗೆ ಹೋದದ್ದು ದಿಟ. ಅದು ಮಗುವಿನ ತಟ್ಟೆಯವರೆಗೆ ತಲುಪಲೇಬೇಕೆಂಬ ಕಟ್ಟು ಇರಲಿಲ್ಲ. ಉದ್ಯಮಿಗೆ ಗಡುವಿಟ್ಟ ಭರವಸೆ, ಮಗುವಿಗೆ ಇನ್ನಾರೋ ನೋಡಿಕೊಂಡಾರೆಂಬ ಊಹೆ! ಅಂಗನವಾಡಿಗಳನ್ನು ನೋಡಿಕೊಳ್ಳುವ ಇಲಾಖೆಯ ಕೇಂದ್ರ ಸಚಿವೆಯಾಗಿದ್ದ ಮೇನಕಾ ಗಾಂಧಿಯವರೇ ಕಾರ್ಯಕರ್ತೆಯರ ಸಂಬಳಕ್ಕೂ ತೊಡಕಾಗಿದೆಯೆಂದು ಆ ವರ್ಷ ಬಹಿರಂಗವಾಗಿ ನುಡಿದರು.

ನಮ್ಮ ಹೊಸಕೋಟೆಯಲ್ಲಿ ಪಿಲ್ಲಗುಂಪೆಯ ಕಾರ್ಖಾನೆಗಳಿಗೆ ದುಡಿಯಲು ಹೋಗುವ ತಾಯಿ ಮಗುವನ್ನು ನೆಚ್ಚಿ ಬಿಡುವುದು ಅಂಗನವಾಡಿಯಲ್ಲಿಯೇ. ಅಲ್ಲಿ ಸಹಾಯಕಿ ಮೊಟ್ಟೆ ಬೇಯಿಸಿ ಹಾಲು ಕಾಯಿಸುವಷ್ಟರಲ್ಲಿ, ಊರವರು ಟೀಚರ್ ಎಂದೇ ಕರೆಯುವ ಕಾರ್ಯಕರ್ತೆ ಮಗುವನ್ನು ತಕ್ಕಡಿಗೆ ಏರಿಸಿ, ತೂಕವನ್ನು ಪಟದಲ್ಲಿ ಗುರುತಿಸಿ, ಚುಕ್ಕೆ ಹಸಿರಿನಿಂದ ಹಳದಿಗೆ ಜಾರಿತೆಂದರೆ ಸಂಜೆ ತಾಯಿಯನ್ನು ನಿಲ್ಲಿಸಿಕೊಂಡು ಮನೆಯಲ್ಲಿ ಏನುಣಿಸುತ್ತೀಯೆಂದು ವಿಚಾರಿಸುತ್ತಾಳೆ. ಈ ವಿಚಾರಣೆಯನ್ನು ಬೇರಾವ ಇಲಾಖೆಯೂ ಮಾಡದು. ಇಂತಹ ದುಡಿಮೆಗೆ 2018ರ ಅಕ್ಟೋಬರಿನಿಂದ ಕೇಂದ್ರ ನಿಗದಿಪಡಿಸಿದ ಗೌರವಧನ ತಿಂಗಳಿಗೆ 4,500 ರೂಪಾಯಿ. ಮೇಲೆ ರಾಜ್ಯ ಸೇರಿಸುವ ಹಣವೂ ಸುಲಭವಾಗಿ ದೊರೆತುದಲ್ಲ. 2017ರ ಮಾರ್ಚಿನಲ್ಲಿ ನಾಡಿನ ಮೂಲೆಮೂಲೆಯಿಂದ ಬಂದ ಸಾವಿರಾರು ಹೆಂಗಸರು ಅದಕ್ಕಾಗಿ ಬೆಂಗಳೂರಿನ ಫ್ರೀಡಂ ಪಾರ್ಕಿನ ಬೀದಿಯಲ್ಲಿ ಹಗಲಿರುಳು ಕುಳಿತರು.

2019ರ ಸೆಪ್ಟೆಂಬರ್ 20ರಂದು ನಿರ್ಮಲಾ ಸೀತಾರಾಮನ್ ಅವರು ಕಂಪನಿ ತೆರಿಗೆಯನ್ನು ಶೇಕಡಾ 22ಕ್ಕೆ, ಹೊಸ ಉತ್ಪಾದನಾ ಕಂಪನಿಗಳಿಗೆ 15ಕ್ಕೆ ತಗ್ಗಿಸಿದಾಗ, ವರ್ಷಕ್ಕೆ ಕೈಬಿಡುವ ವರಮಾನ 1.45 ಲಕ್ಷ ಕೋಟಿಯೆಂದು ಸರ್ಕಾರವೇ ಅಂದಾಜಿಸಿತು. 2023-24ರಲ್ಲಿ ದೇಶದ ಸಮಸ್ತ ಅಂಗನವಾಡಿಗಳಿಗೂ ಪೋಷಣೆಗೂ ಕೇಂದ್ರವು ತೆಗೆದಿರಿಸಿದ್ದು 20,554 ಕೋಟಿ. ಕೈಬಿಟ್ಟುದರ ಏಳನೆಯ ಒಂದು ಪಾಲು. ತೆರಿಗೆ ತಗ್ಗಿದರೆ ಬಂಡವಾಳ ಬಂದು ಉದ್ಯೋಗ ಹೆಚ್ಚುವುದೆಂಬ ವಾದವನ್ನು, ಕಾರ್ಖಾನೆಗಳ ಬಲದಿಂದ ಬೆಳೆದ ಊರಿನಲ್ಲಿ ನಿಂತು ನಾನು ಹಗುರವಾಗಿ ಕಾಣಲಾರೆ. ಆದರೆ ಮಗುವನ್ನು ನೋಡಿಕೊಳ್ಳುವವರಿಲ್ಲದ ತಾಯಿ ಆ ಉದ್ಯೋಗಕ್ಕೆ ಹೋಗುವುದು ಹೇಗೆಂಬುದಕ್ಕೆ ಎರಡು ಮುಂಗಡಪತ್ರಗಳನ್ನು ತಿರುವಿದರೂ ಉತ್ತರ ದೊರೆಯದು; ಮುಂದಿನ ರಿಯಾಯಿತಿಯನ್ನು ಸಾರುವ ಮುನ್ನ ಆ ಉತ್ತರವನ್ನು ಸಂಸತ್ತಿನಲ್ಲಿ ಹೇಳಿಸುವುದು ನಮ್ಮ ಪ್ರತಿನಿಧಿಗಳ ಹೊಣೆ.