ಪ್ರಶ್ನೆಯ ತಲೆ, ಪ್ರಶ್ನೆಯ ಬಾಲ

ವ್ಯಾಕರಣದ ಪುಸ್ತಕ ಎಂದಕೂಡಲೇ ನಮ್ಮಲ್ಲಿ ಅನೇಕರಿಗೆ ಶಾಲೆಯ ಬೆತ್ತ ನೆನಪಾಗುತ್ತದೆ. ಆದರೂ ಕೆಲವು ವ್ಯಾಕರಣಗಳು ಅಡುಗೆಮನೆಯ ಹೊಸಿಲವರೆಗೂ ಬರುತ್ತವೆ. ಸಾರ್ಡೀನಿಯ ದ್ವೀಪದ ಭಾಷೆಯನ್ನು ಕುರಿತು ಮೈಕೆಲ್ ಜೋನ್ಸ್ ಬರೆದ, 1993ರಲ್ಲಿ ಪ್ರಕಟವಾದ 'ಸಾರ್ಡೀನಿಯನ್ ಸಿಂಟ್ಯಾಕ್ಸ್' ಅಂಥದೊಂದು ಪುಸ್ತಕ. ವಿದ್ವಾಂಸರಿಗಾಗಿ ಬರೆದದ್ದು; ಸಲೀಸಾಗಿ ಓದಿಸಿಕೊಳ್ಳುವುದಿಲ್ಲ. ಆದರೆ 'ಹೌದು' ಅಥವಾ 'ಇಲ್ಲ' ಎಂಬ ಉತ್ತರವನ್ನಷ್ಟೇ ಬೇಡುವ ಪುಟ್ಟ ಪ್ರಶ್ನೆಗಳ ವಿಚಾರ ಅದರಲ್ಲಿ ಬಂದಾಗ ನಾನು ಪುಟ ಮಗುಚುವುದನ್ನು ನಿಲ್ಲಿಸಿದೆ. ಊಟ ಆಯಿತಾ, ಬರ್ತೀಯಾ, ಬಾಗಿಲು ಹಾಕಿದೆಯಾ. ಮನೆ ನಡೆಯುವುದೇ ಇಂಥ ಪ್ರಶ್ನೆಗಳ ಮೇಲೆ ಅಲ್ಲವೆ?

ಸಾರ್ಡೀನಿಯ ಇಟಲಿಗೆ ಸೇರಿದ ದ್ವೀಪ. ಮೆಡಿಟರೇನಿಯನ್ ಸಮುದ್ರದಲ್ಲಿ ಸಿಸಿಲಿಯನ್ನು ಬಿಟ್ಟರೆ ಇದೇ ದೊಡ್ಡದು. ಅಲ್ಲಿಯ ಭಾಷೆ ಲ್ಯಾಟಿನ್ನಿನಿಂದ ಹುಟ್ಟಿದ್ದು, ಇಟಾಲಿಯನ್ನಿನ ಉಪಭಾಷೆಯಲ್ಲ. ಇಬ್ಬರೂ ಒಂದೇ ತಾಯಿಯ ಮಕ್ಕಳು, ಅಷ್ಟೆ. 1392ರಲ್ಲಿ ಎಲಿಯೊನೋರಾ ಎಂಬ ಆಳುವ ಹೆಂಗಸು ಹೊರಡಿಸಿದ 'ಕಾರ್ತಾ ದೆ ಲೋಗು' ಎಂಬ ಕಾನೂನು ಸಂಹಿತೆ ಈ ಭಾಷೆಯಲ್ಲೇ ಇತ್ತು. 1827ರವರೆಗೂ ಅದು ಜಾರಿಯಲ್ಲಿತ್ತು. ಕುರುಬರ ಒರಟು ಮಾತು ಎಂದು ಮೂಗು ಮುರಿಯುವವರಿಗೆ ಈ ಒಂದು ಸಂಗತಿ ಸಾಕು.

ಇಟಾಲಿಯನ್ನಿನಲ್ಲಿ ಇಂಥ ಪ್ರಶ್ನೆ ಕೇಳುವುದು ಸುಲಭ. 'ಆಯ್ ಮಾಂಜಾತೊ' ಎಂದರೆ ನೀನು ಉಂಡಿದ್ದೀಯೆ. ಅದೇ ಪದಗಳು, ಅದೇ ಸಾಲು. ರಾಗ ಬದಲಾಯಿಸಿದರೆ ಅದೇ ಪ್ರಶ್ನೆ. ಸಾರ್ಡೀನಿಯದವರಿಗೂ ಹಾಗೆ ಕೇಳಲು ಬರುತ್ತದೆ. ಆದರೆ ಅವರ ಭಾಷೆಯಲ್ಲಿ ಇನ್ನೆರಡು ದಾರಿಗಳಿವೆ. ರುಚಿ ಇರುವುದು ಅಲ್ಲಿ.

ಮೊದಲನೆಯದು ಕ್ರಿಯಾಪದದ ಮುಂದೆ ನಿಲ್ಲುವ ಒಂದಕ್ಷರದ 'ಆ'. 'ಆ ಕೇರೆಸ್ ಕಫೆ?' ಕಾಫಿ ಬೇಕಾ? 'ಆ ಬೇನಿಸ್?' ಬರ್ತೀಯಾ? ನಮ್ಮ 'ಆ' ಮಾತಿನ ಬಾಲದಲ್ಲಿ ಬರುತ್ತದೆ, ಅವರದು ತಲೆಯಲ್ಲಿ. ಎರಡಕ್ಕೂ ನೆಂಟಸ್ತನವಿಲ್ಲ, ಬರಿಯ ಕಾಕತಾಳೀಯ. ಅವರ 'ಆ' ಬಂದದ್ದು ಲ್ಯಾಟಿನ್ನಿನ 'ಔಟ್' ಎಂಬ ಪದದಿಂದ ಎನ್ನುತ್ತಾರೆ. ಅದರ ಅರ್ಥ 'ಅಥವಾ'. ಕಳೆದುಹೋದ ಆ 'ಟ್' ಇಂದಿಗೂ ಪೂರ್ತಿ ಸತ್ತಿಲ್ಲ. 'ಆ' ಬಂದಾಗ ಮುಂದಿನ ವ್ಯಂಜನ ಒತ್ತಾಗಿ, ಗಟ್ಟಿಯಾಗಿ ಕೇಳುತ್ತದೆ: 'ಆ ಬ್ಬೇನಿಸ್'. ಹೋದ ಅಕ್ಷರ ಪಕ್ಕದ ಅಕ್ಷರಕ್ಕೆ ತನ್ನ ಬಲವನ್ನು ಕೊಟ್ಟು ಹೋಗಿದೆ.

ಈ 'ಆ' ಹೆಚ್ಚಾಗಿ ಕಾಣುವುದು ಏನನ್ನಾದರೂ ಕೊಡುವಾಗ, ಕರೆಯುವಾಗ, ಬೇಡುವಾಗ. 'ಅಥವಾ' ಎಂಬ ಅರ್ಥವನ್ನು ನೆನೆದರೆ ಇದು ಸರಿಯಾಗಿಯೇ ಇದೆ ಎನಿಸುತ್ತದೆ. ಬರ್ತೀಯೋ, ಇಲ್ಲವೋ, ಎರಡೂ ನಿನ್ನ ಕೈಯಲ್ಲಿದೆ ಎಂದು ಮೊದಲೇ ಬಾಗಿಲು ತೆರೆದಿಟ್ಟು ಕೇಳಿದ ಹಾಗೆ. ನಮ್ಮ 'ಬರ್ತೀಯೋ ಇಲ್ಲವೋ'ದಲ್ಲಿಯ 'ಓ' ಕೂಡ ಇದೇ ಕೆಲಸ ಮಾಡುತ್ತದೆ, ಕೆಲವೊಮ್ಮೆ ಸ್ವಲ್ಪ ಗದರಿಕೆಯೊಡನೆ!

ಎರಡನೆಯ ದಾರಿ, ಮುಖ್ಯ ಪದವನ್ನೇ ಎತ್ತಿ ಮುಂದೆ ಕೂರಿಸುವುದು. 'ಮಂಡಿಗಾದು ಅಸ್?' ಪದಕ್ಕೆ ಪದವಿಟ್ಟರೆ 'ಉಂಡು ಇದ್ದೀಯಾ?' ದ್ವೀಪದ ದಕ್ಷಿಣದಲ್ಲಾದರೆ 'ಪಪಾವು ಅಸ್?' ಇಲ್ಲಿ ಕೇಳುವವಳ ಮನಸ್ಸಿನಲ್ಲಿ ಆ ಊಟ ಮೊದಲೇ ಕೂತಿದೆ. ಆಗಬೇಕಾದ ಕೆಲಸ ಆಯಿತೋ ಇಲ್ಲವೋ ಎಂಬುದೇ ಅವಳ ಚಿಂತೆ. 'ಮಾಕ್ಕು ಸೆಸ್?' ಎಂದರೆ 'ಹುಚ್ಚಾ ನಿನಗೆ?' ಇದಕ್ಕೆ ಯಾರೂ ಉತ್ತರ ಬಯಸುವುದಿಲ್ಲ. ನಾವು ಕೂಡ ಹುಚ್ಚನ್ನೇ ಮುಂದಿಡುತ್ತೇವೆ, ನೋಡಿ. ಉಳಿದ ಕಡೆ ನಮಗೆ ಪದವನ್ನು ಸರಿಸುವ ಕಷ್ಟವಿಲ್ಲ, ಬಾಲವನ್ನು ಸರಿಸಿದರೆ ಸಾಕು: 'ನೀನಾ ಉಂಡದ್ದು?', 'ಅನ್ನವಾ ಉಂಡದ್ದು?' ಅವರು ತಲೆ ಬದಲಿಸುತ್ತಾರೆ, ನಾವು ಬಾಲ ಬದಲಿಸುತ್ತೇವೆ.

ಈ ಎರಡು ದಾರಿಗಳು ಒಂದೇ ಪ್ರಶ್ನೆಯಲ್ಲಿ ಕೂಡುವುದಿಲ್ಲ. 'ಆ' ಇದ್ದರೆ ಪದವನ್ನು ಮುಂದೆ ತರುವ ಹಾಗಿಲ್ಲ, ಪದ ಮುಂದೆ ಬಂದರೆ 'ಆ' ಇಲ್ಲ. ಜೋನ್ಸ್ ಇದನ್ನು ವಾಕ್ಯರಚನೆಯ ಕಟ್ಟಳೆಯಾಗಿ ಹೇಳುತ್ತಾರೆ. ನನಗೆ ಅದರಲ್ಲಿ ಮನುಷ್ಯರ ನಡತೆಯೂ ಕಾಣುತ್ತದೆ. ಒಂದು ಪ್ರಶ್ನೆ ಕೇಳಿಸಿಕೊಳ್ಳುವವಳಿಗೆ ಜಾಗ ಬಿಡುತ್ತದೆ. ಇನ್ನೊಂದು ಕೇಳುವವಳ ಕಾತರವನ್ನು ಹೊರಗೆಡಹುತ್ತದೆ. ಒಂದೇ ಉಸಿರಿನಲ್ಲಿ ಎರಡನ್ನೂ ಮಾಡುವುದು ಕಷ್ಟವೇ.

ನನ್ನ ತಕರಾರು ಇರುವುದೂ ಇಲ್ಲೇ. ವ್ಯಾಕರಣದ ಪುಸ್ತಕದಲ್ಲಿ ಪ್ರಶ್ನೆಗಳಿಗೆ ಕ್ರಮಸಂಖ್ಯೆ ಇರುತ್ತದೆ, ದನಿ ಇರುವುದಿಲ್ಲ. ಯಾರು ಯಾರನ್ನು ಕೇಳಿದ್ದು? ಅತಿಥಿಯನ್ನೋ, ತಡವಾಗಿ ಮನೆಗೆ ಬಂದ ಮಗನನ್ನೋ? ಪದ ಮುಂದೆ ಬಂದಾಗ ದನಿಯ ಶಿಖರವೂ ಅದರ ಮೇಲೆಯೇ ಇರುತ್ತದೆ. 'ಮಂಡಿಗಾದು' ಎಂಬಲ್ಲಿ ಏರಿ, 'ಅಸ್' ಎನ್ನುವಷ್ಟರಲ್ಲಿ ಇಳಿದಿರುತ್ತದೆ. ಪ್ರಶ್ನೆಯೆಂದರೆ ಕೊನೆಯಲ್ಲಿ ದನಿ ಎತ್ತಲೇಬೇಕು ಎಂದು ನಂಬಿದವರ ಕಿವಿಗೆ ಇದು ಪ್ರಶ್ನೆಯಂತೆಯೇ ಕೇಳಿಸದೇ ಇರಬಹುದು. ಸಾರ್ಡೀನಿಯನ್ ರಾಗದ ಕುರಿತ ವಿಸ್ತಾರವಾದ ಅಧ್ಯಾಯವೊಂದು 2015ರಲ್ಲಿ ಆಕ್ಸ್‌ಫರ್ಡ್ ಪ್ರಕಟಿಸಿದ ಬೇರೊಂದು ಸಂಪುಟದಲ್ಲಿದೆ. ಪದಗಳು ಒಂದು ಕಪಾಟಿನಲ್ಲಿ, ರಾಗ ಇನ್ನೊಂದು ಕಪಾಟಿನಲ್ಲಿ. ವಿದ್ವಾಂಸರಿಗೆ ಹೀಗೆ ಬಿಡಿಸಿಡುವುದು ಅನಿವಾರ್ಯವಿರಬಹುದು. ಕೂಸಿನ ಕಿವಿಗೆ ಮಾತ್ರ ಅವೆರಡೂ ಒಟ್ಟಿಗೇ ಬೀಳುತ್ತವೆ.

ಆ ಕೂಸಿನ ಕಿವಿಗೇ ಈಗ ಸಂಚಕಾರ ಬಂದಿರುವುದು. ಕಳೆದ ಶತಮಾನದ ಉತ್ತರಾರ್ಧದಲ್ಲಿ ದ್ವೀಪದ ಅನೇಕ ಮನೆಗಳಲ್ಲಿ ತಾಯಂದಿರು ಮಕ್ಕಳೊಡನೆ ಇಟಾಲಿಯನ್ ಆಡತೊಡಗಿದರು. ಶಾಲೆ ಇಟಾಲಿಯನ್ನಿನದು, ನೌಕರಿ ಇಟಾಲಿಯನ್ನಿನದು. ಮಗು ಹಿಂದೆ ಬೀಳಬಾರದು ಎಂಬ ಆಸೆಗೆ ಯಾರು ತಪ್ಪು ಹೊರಿಸಿಯಾರು? ಆದರೆ ಆ ತಾಯಂದಿರ ಇಟಾಲಿಯನ್ನಿನೊಳಗೆ ಹಳೆಯ ಪ್ರಶ್ನೆ ಸದ್ದಿಲ್ಲದೆ ಬಂದು ಕೂತಿತು. 'ಮಾಂಜಾತೊ ಆಯ್?' ಪದಗಳೆಲ್ಲ ಇಟಾಲಿಯನ್, ಸಾಲು ಮಾತ್ರ ಸಾರ್ಡೀನಿಯದ್ದು. ಮೇಷ್ಟರ ಲೆಕ್ಕದಲ್ಲಿ ಇದು ತಪ್ಪು. ಹೊರಗಿನವರಿಗೆ ಇದು ದ್ವೀಪದವರನ್ನು ಅಣಕಿಸಲು ಸಿಕ್ಕ ಸುಲಭದ ನಗೆಚಾಟಿಕೆ.

ಈ ಅಣಕಕ್ಕೆ ದೊಡ್ಡವರೂ ಹೊರತಲ್ಲ. ನುವೊರೊ ಊರಿನ ಗ್ರಾಜಿಯಾ ದೆಲೆದ್ದಾ ಓದಿದ್ದು ನಾಲ್ಕನೆಯ ತರಗತಿಯವರೆಗೆ. ಇಟಾಲಿಯನ್ ಆಕೆಯ ಮನೆಮಾತಾಗಿರಲಿಲ್ಲ. ಆ ಕಲಿತ ಭಾಷೆಯಲ್ಲೇ ಬರೆದು 1926ರ ನೊಬೆಲ್ ಪ್ರಶಸ್ತಿ ಪಡೆದಳು. ಆದರೂ ಆಕೆಯ ಇಟಾಲಿಯನ್ನಿನಲ್ಲಿ ಹುಳುಕು ಹುಡುಕುವವರಿಗೆ ಬರವಿರಲಿಲ್ಲ. ಎರಡು ಭಾಷೆಗಳ ನಡುವೆ ನಿಂತು ಬರೆಯುವ ಹೆಂಗಸಿಗೆ ಸಿಗುವ ಮೊದಲ ವಿಮರ್ಶೆ ಎಂದರೆ ಅವಳ ವ್ಯಾಕರಣದ್ದೇ ಇರಬೇಕು!

ಇದನ್ನೆಲ್ಲ ಓದುವಾಗ ನಮ್ಮ ಊರಿನ ಮಕ್ಕಳು ನೆನಪಾಗದೆ ಇರುವುದಿಲ್ಲ. ಇಂಗ್ಲಿಷ್ ಶಾಲೆಗೆ ಹೋಗುವ ಹುಡುಗಿ 'ಕಮಿಂಗಾ?' ಎಂದು ಗೆಳತಿಯನ್ನು ಕೂಗುತ್ತಾಳೆ. ಶಬ್ದ ಇಂಗ್ಲಿಷಿನದು, ಬಾಲ ನಮ್ಮ ಅಜ್ಜಿಯದು. ಅದನ್ನು ತಿದ್ದುವ ಮೊದಲು ಒಂದು ಕ್ಷಣ ಯೋಚಿಸಬೇಕು ಎಂದು ನನಗೆ ಅನ್ನಿಸುತ್ತದೆ. ಪರೀಕ್ಷೆಯ ಹಾಳೆಯ ಮೇಲೆ ಅದು ತಪ್ಪೇ ಇರಬಹುದು. ಮನೆಯ ಜಗಲಿಯ ಮೇಲೆ ಅದು ತಪ್ಪಲ್ಲ, ಉಳಿಕೆ.

ಉಳಿಕೆಯನ್ನೇ ಭಾಷೆ ಎಂದುಕೊಂಡು ಸಮಾಧಾನಪಡುವಂತೆಯೂ ಇಲ್ಲ. 1999ರ ಕಾನೂನಿನಲ್ಲಿ ಇಟಲಿ ಸಾರ್ಡೀನಿಯದ ಭಾಷೆಗೆ ಮಾನ್ಯತೆ ಕೊಟ್ಟಿತು. ಯುನೆಸ್ಕೊ ಅದನ್ನು ಅಳಿವಿನಂಚಿನ ಭಾಷೆಗಳ ಪಟ್ಟಿಯಲ್ಲಿ ಇಟ್ಟಿದೆ. ಕಾನೂನಿಗೆ ಭಾಷೆಯ ಹೆಸರನ್ನು ಕಾಪಾಡಲು ಬರುತ್ತದೆ. ಉಂಡೆಯಾ ಎಂದು ಕೇಳಲು ಬರುವುದಿಲ್ಲ, ಅದನ್ನು ಮನೆಯವರೇ ಕೇಳಬೇಕು. ಸಾರ್ಡೀನಿಯದವರು 'ಹೌದು' ಎನ್ನುವುದಕ್ಕೆ 'ಎಯಾ' ಎನ್ನುತ್ತಾರೆ. ಇಟಾಲಿಯನ್ ಆಡುವಾಗಲೂ ಅವರ ಬಾಯಲ್ಲಿ ಈ 'ಎಯಾ' ಬರುತ್ತಲೇ ಇರುತ್ತದೆ. ಉತ್ತರ ಇನ್ನೂ ನಾಲಿಗೆಯ ತುದಿಯಲ್ಲಿದೆ. ಅವರ ಭಾಷೆಯಲ್ಲಿ ಅವರನ್ನು ಪ್ರಶ್ನೆ ಕೇಳುವವರು ಎಷ್ಟು ಮನೆಗಳಲ್ಲಿ ಉಳಿದಾರು ಎಂಬುದೇ ನನ್ನ ಚಿಂತೆ.